ಪಾಪನಿವೇದನೆಗೆ 24ನೇ ತಾರೀಖೇ ಯಾಕೆ?

ಮಾನ್ಯ ಸಂಪಾದಕರೇ,

ನವೆಂಬರ್ ಮುಗಿಯುತ್ತ ಬಂದಂತೆ ‘ಕ್ರಿಸ್‌ಮಸ್ ಸಡಗರ ಶುರು’ ಎಂಬ ಸುದ್ದಿ, ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ತೂಗುಬಿಟ್ಟ ನಕ್ಷತ್ರಗಳ ಫೋಟೊ ಪತ್ರಿಕೆಗಳಲ್ಲಿ ಬರುತ್ತವೆ. ಸಡಗರಕ್ಕೆ ನಮ್ಮ ತಕರಾರಿಲ್ಲ. ಆದರೆ ಕ್ಯಾಥೊಲಿಕರ ಪಂಚಾಂಗದಲ್ಲಿ ಅದು ಇನ್ನೂ ಕ್ರಿಸ್‌ಮಸ್ ಅಲ್ಲ, ಆಗಮನ ಕಾಲ (ಅಡ್ವೆಂಟ್), ಅಂದರೆ ಹಬ್ಬಕ್ಕೆ ಸಿದ್ಧರಾಗುವ ನಾಲ್ಕು ರವಿವಾರಗಳ ಕಾಲ. ನವೆಂಬರ್ 30ರ ಸಂತ ಅಂದ್ರೆಯರ ಹಬ್ಬಕ್ಕೆ ಯಾವ ರವಿವಾರ ಅತಿ ಸಮೀಪವೋ ಅಂದು ಅದರ ಆರಂಭ. ಹಾಗಾಗಿ ದಿನಗಳ ಲೆಕ್ಕ ವರ್ಷವರ್ಷಕ್ಕೆ ಬದಲು: 2022ರಲ್ಲಿ ಪೂರಾ 28 ದಿನ ಸಿಕ್ಕಿತ್ತು, 2023ರಲ್ಲಿ ನಾಲ್ಕನೇ ರವಿವಾರವೇ ಡಿಸೆಂಬರ್ 24 ಆಗಿ ಬರೀ 22. 2026ರಲ್ಲಿ ನವೆಂಬರ್ 29ಕ್ಕೆ ಶುರುವಾಗಿ 26 ದಿನ.

ಈ ಕಾಲಕ್ಕೆ ಎರಡು ಭಾಗಗಳಿವೆ ಎಂಬುದು ಚರ್ಚಿಗೆ ತಪ್ಪದೆ ಹೋಗುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಡಿಸೆಂಬರ್ 16ರವರೆಗೆ ವಾಚನಗಳ ಒತ್ತು ಪ್ರಭುವಿನ ಪುನರಾಗಮನದ ಮೇಲೆ, ಎಚ್ಚರವಾಗಿರುವುದರ ಮೇಲೆ. ಬೆತ್ಲೆಹೇಮಿನ ಜನನದ ಕಡೆ ನೇರವಾಗಿ ತಿರುಗುವುದು 17ರಿಂದ. ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು, ಸೇರಬೇಕಾದದ್ದು ಮೊದಲ ಭಾಗಕ್ಕೆ. ನಾವು ಅದನ್ನು ಎಳೆದೆಳೆದು 24ರ ಸಂಜೆಗೆ ತಂದಿಡುತ್ತೇವೆ.

ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ಐದು ನಿಮಿಷ ಹಿಡಿದರೆ ಒಬ್ಬ ಗುರುಗಳು ತಾಸಿಗೆ 12 ಜನರ ನಿವೇದನೆ ಕೇಳಬಹುದು. ಅಂದು 120 ಜನ ಸಾಲು ನಿಂತರೆ ಹತ್ತು ತಾಸು ಬೇಕು. ರಾತ್ರಿಯ ಬಲಿಪೂಜೆಗೆ (ಮಾಸ್) ಮುಂಚೆ ಅವರಿಗೆ ಎರಡು ತಾಸು ಸಿಕ್ಕರೆ ಒಬ್ಬೊಬ್ಬರ ಪಾಲಿಗೆ ಒಂದೇ ನಿಮಿಷ. ಹಿಂದೆ ನಿಂತವರು ಗಡಿಯಾರ ನೋಡುತ್ತಾರೆ, ಮುಂದೆ ಮೊಣಕಾಲೂರಿದವರು ಹೇಳಬೇಕಾದ್ದನ್ನು ಅರ್ಧ ನುಂಗಿ ಎದ್ದುಬರುತ್ತಾರೆ.

ನಿಜವಾದ ಕೆಲಸ ಇರುವುದು ಮನೆಯಲ್ಲಿ, ಅದಕ್ಕಿಂತ ಹಿಂದಿನ ಎರಡು ಮೂರು ರಾತ್ರಿ. ಬೈಬಲಿನ ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ಆತ್ಮಶೋಧನೆ ಮಾಡಬೇಕು. ಘೋರ ಪಾಪವಾದರೆ ಯಾವ ಬಗೆಯದು, ಎಷ್ಟು ಸಲ ಎಂದು ಹೇಳಬೇಕೆಂಬುದು ಧರ್ಮಸಭೆಯ ನಿಯಮ. ‘ಎಲ್ಲಾ ಪಾಪ ಮಾಡೇನ್ರಿ ಫಾದರ್’ ಅಂದರೆ ಏನೂ ಹೇಳಿದಂತಾಗಲಿಲ್ಲ. ಇನ್ನೊಂದು ಸಾಮಾನ್ಯ ತಪ್ಪೆಂದರೆ ತನ್ನದನ್ನು ಬಿಟ್ಟು ಅತ್ತೆಯ, ಭಾವನ, ಬಾಜೂ ಮನೆಯವರ ಪಾಪ ಹೇಳುವುದು. ‘ಅವರು ಹಂಗ ಅಂದ್ರು, ಅದಕ್ಕ ನಾನೂ ಅಂದೆ’ ಎನ್ನುವಲ್ಲಿ ಬೇಕಾದದ್ದು ಕೊನೆಯ ಎರಡೇ ಶಬ್ದ. ಮರೆತುಹೋದ ಪಾಪಕ್ಕೆ ಹೆದರಬೇಕಿಲ್ಲ, ಅದಕ್ಕೂ ಕ್ಷಮೆ ಸಿಕ್ಕಿರುತ್ತದೆ. ನೆನಪಾದರೆ ಮುಂದಿನ ಸಲ ಹೇಳಿದರಾಯಿತು. ಘೋರ ಪಾಪವನ್ನು ಬೇಕೆಂದೇ ಮುಚ್ಚಿಟ್ಟರೆ ಮಾತ್ರ ಇಡೀ ನಿವೇದನೆಯೇ ಅಸಿಂಧು. ಇನ್ನು, ಯಾರದೋ ಸಾಲ ಮುಳುಗಿಸಿದ್ದರೆ, ಹೊಲದ ಬದು ಒತ್ತಿದ್ದರೆ, ತಿರುಗಿ ಕೊಡುವ ಕೆಲಸ ಉಳಿದೇ ಇರುತ್ತದೆ. ಒಂದು ರಾತ್ರಿಯಲ್ಲಿ ಮುಗಿಯುವಂಥದ್ದಲ್ಲ ಅದು. ಎರಡನೇ, ಮೂರನೇ ರವಿವಾರಗಳ ಶುಭಸಂದೇಶದಲ್ಲಿ, ಯೇಸುವಿಗೆ ದಾರಿ ಸಿದ್ಧಮಾಡಿದ ಪ್ರವಾದಿ ಸ್ನಾನಿಕ ಯೊವಾನ್ನರು ಬರುವುದು ಸುಮ್ಮನೆ ಅಲ್ಲ. ‘ನಾವೇನು ಮಾಡಬೇಕು’ ಎಂದು ಕೇಳಿದವರಿಗೆ ಅವರು ಧ್ಯಾನ ಮಾಡಿ ಅನ್ನಲಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಸುಂಕದವರು ನಿಗದಿಗಿಂತ ಹೆಚ್ಚು ವಸೂಲಿ ಮಾಡದಿರಲಿ ಎಂದರು.

ಉಪವಾಸದ ಬಗ್ಗೆ ಗೊಂದಲವಿದೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಂತೆ ಆಗಮನ ಕಾಲಕ್ಕೆ ಕಡ್ಡಾಯ ಉಪವಾಸವಿಲ್ಲ; ವರ್ಷವಿಡೀ ಇರುವ ಶುಕ್ರವಾರದ ಪ್ರಾಯಶ್ಚಿತ್ತ ಮಾತ್ರ ಇಲ್ಲೂ ಇದೆ. ನೇರಳೆ ಬಣ್ಣ, ‘ಮಹಿಮೆ’ ಗೀತೆ ಇಲ್ಲದ ಬಲಿಪೂಜೆ ನೋಡಿ ಇದೂ ಶೋಕದ ಕಾಲ ಅಂದುಕೊಳ್ಳಬಾರದು. ಅಲ್ಲೆಲೂಯ ಹಾಡುತ್ತಲೇ ಇರುತ್ತೇವೆ. ಮೂರನೇ ರವಿವಾರ ಗುರುಗಳು ಗುಲಾಬಿ ಬಣ್ಣದ ಉಡುಪನ್ನೂ ತೊಡಬಹುದು.

ಮನೆಯಲ್ಲಿ ಮಾಡುವವರಿಗೆ ಅಡ್ವೆಂಟ್ ರೀತ್, ಅಂದರೆ ಸೊಪ್ಪಿನ ಸಿಂಬಿ, ಒಳ್ಳೆಯ ಸಾಧನ. ಮೂರು ನೇರಳೆ, ಒಂದು ಗುಲಾಬಿ ಮೇಣದ ಬತ್ತಿ; ರವಿವಾರಕ್ಕೊಂದರಂತೆ ಹೆಚ್ಚಿಸುತ್ತ ಹಚ್ಚುವುದು. ಬಣ್ಣದ್ದು ಸಿಗದಿದ್ದರೆ ಬಿಳಿ ಬತ್ತಿಗೆ ರಿಬ್ಬನ್ ಕಟ್ಟಿದರೆ ಸಾಕು. ರಾತ್ರಿ ಪ್ರಾರ್ಥನೆಗೆ ದಿನಾ 20 ನಿಮಿಷ ಹಚ್ಚಿದರೂ ಮೊದಲ ಬತ್ತಿ ಎಂಟು ಒಂಬತ್ತು ತಾಸು ಉರಿಯಬೇಕಾಗುತ್ತದೆ, ಆದ್ದರಿಂದ ದಪ್ಪನೆಯದನ್ನೇ ತನ್ನಿ. ನಮ್ಮ ಕಡೆಯ ಡಿಸೆಂಬರಿನ ಒಣಗಾಳಿಗೆ ಸರ್ವೆ ಸೊಪ್ಪು ನಾಲ್ಕೈದು ದಿನಕ್ಕೆ ಗರಿಗರಿಯಾಗಿ ಕಿಡಿಗೆ ಕಾಯುತ್ತಿರುತ್ತದೆ. ವಾರಕ್ಕೊಮ್ಮೆ ಬದಲಿಸಿ, ಬತ್ತಿಗಳನ್ನು ಮರಳು ತುಂಬಿದ ಸ್ಟೀಲ್ ತಾಟಿನಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ ಎಲೆ ಬೇಡವೇ ಬೇಡ. ಅಂದಹಾಗೆ ಈ ಪದ್ಧತಿಯ ಮೂಲ ಹ್ಯಾಂಬರ್ಗಿನ ಒಬ್ಬ ಲೂಥರನ್ ಪಾದ್ರಿ, ಯೊಹಾನ್ ಹಿನ್ರಿಖ್ ವಿಖೆರ್ನ್, ವರ್ಷ 1839. ಪ್ರಾಟೆಸ್ಟೆಂಟರ ಬಾಸೆಲ್ ಮಿಶನ್ ಹುಬ್ಬಳ್ಳಿಯಲ್ಲಿ ನೆಲೆಯೂರಿದ್ದೂ ಅದೇ ವರ್ಷ. ಕ್ಯಾಥೊಲಿಕರು ಈ ಸಿಂಬಿಯನ್ನು ಒಪ್ಪಿಕೊಂಡದ್ದು ತೀರ ಆಮೇಲೆ.

ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹಸಿರು ಬೇಕಾದರೆ ಡಿಸೆಂಬರ್ 13ರ ಸಂತ ಲೂಸಿಯವರ ಹಬ್ಬಕ್ಕೆ ಗೋದಿ ಹಾಕಿ. ಹಿಂದಿನ ರಾತ್ರಿ ಒಂದು ಹಿಡಿ ನೆನೆಹಾಕಿ ಅಗಲ ತಾಟಿನಲ್ಲಿ ಒತ್ತೊತ್ತಾಗಿ ಹರಡಿದರೆ 24ಕ್ಕೆ ನಾಲ್ಕೈದು ಇಂಚು ಬರುತ್ತದೆ. ನವರಾತ್ರಿಗೆ ಘಟ್ಟ ಹಾಕುವವರಿಗೆ ಈ ಲೆಕ್ಕ ಹೊಸದಲ್ಲ. ಬರೀ ಎರಿ ಮಣ್ಣು ಹಾಕಿದರೆ ನೀರು ಬಸಿಯದೆ ಕಾಳು ಬೂಸು ಹಿಡಿಯುತ್ತದೆ, ಅರ್ಧ ಮರಳು ಬೆರೆಸಿ. ಡಿಸೆಂಬರ್ ಒಂದಕ್ಕೇ ಹಾಕಿದರೆ ಹಬ್ಬದ ಹೊತ್ತಿಗೆ ಹಳದಿಯಾಗಿ ಅಡ್ಡ ಬಿದ್ದಿರುತ್ತದೆ. ಬಾಲಯೇಸುವಿನ ಮೂರ್ತಿಯನ್ನು 24ರ ರಾತ್ರಿಯ ತನಕ ಇಡಬೇಡಿ, ಹುಲ್ಲಿನ ಜಾಗ ಖಾಲಿಯೇ ಇರಲಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ಗೋದಲಿ ಸಜ್ಜುಗೊಳಿಸಿದಾಗ ತರಿಸಿದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಸೀರಿಯಲ್ ಲೈಟಿನ ಮಾಲೆ ಒಂದೆರಡು ಕಮ್ಮಿಯಾದರೆ ಏನೂ ಕೆಡುವುದಿಲ್ಲ.

ತಮ್ಮಲ್ಲಿ ಒಂದು ವಿನಂತಿ. ಕ್ರಿಸ್‌ಮಸ್ ಬಲಿಪೂಜೆಯ ಸಮಯವನ್ನು ‘ನಗರದಲ್ಲಿ ಇಂದು’ ಅಂಕಣದಲ್ಲಿ ಪ್ರಕಟಿಸುವಂತೆ, ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಚರ್ಚುಗಳಲ್ಲಿ ಪಾಪನಿವೇದನೆಗೆ ಗುರುಗಳು ಸಿಗುವ ವೇಳೆಯನ್ನೂ ಡಿಸೆಂಬರ್ ಮೊದಲ ವಾರದಲ್ಲೇ ಪ್ರಕಟಿಸಬೇಕು. ಧರ್ಮಕೇಂದ್ರಗಳೂ ಆ ವೇಳಾಪಟ್ಟಿಯನ್ನು ನವೆಂಬರ್ ಕೊನೆಯ ರವಿವಾರದೊಳಗೆ ತಮಗೆ ತಲುಪಿಸಬೇಕು.

– ಧರ್ಮೋಪದೇಶ ತರಗತಿಯ ಶಿಕ್ಷಕರು, ಕೇಶ್ವಾಪುರ, ಹುಬ್ಬಳ್ಳಿ