ಅಟ್ಟದ ಮೇಲಿನ ರೀಲು ಇಳಿಸಿ

ಮಾನ್ಯ ಸಂಪಾದಕರೇ,

ಮನೆಯ ಅಟ್ಟದಲ್ಲಿ ಕೆಡುತ್ತಿರಬಹುದಾದ ಹಳೆಯ ಸಿನಿಮಾ ಫಿಲ್ಮು ರೀಲುಗಳ ಬಗ್ಗೆ ಈ ಪತ್ರ.

1918ರಲ್ಲಿ ಹಂಗೇರಿಯಲ್ಲಿ ‘ಅಲ್‌ರೌನೆ’ ಎಂಬ ವೈಜ್ಞಾನಿಕ ಕಲ್ಪನೆಯ ಮೂಕಿ ಚಿತ್ರ ತಯಾರಾಯಿತು. ಹಾನ್ಸ್ ಹೈನ್ಸ್ ಎವರ್ಸ್ ಅವರ 1911ರ ಜರ್ಮನ್ ಕಾದಂಬರಿ ಅದಕ್ಕೆ ಆಧಾರ. ನಿರ್ದೇಶಕರಲ್ಲಿ ಒಬ್ಬರು ಮುಂದೆ ಹಾಲಿವುಡ್‌ನಲ್ಲಿ ‘ಕಾಸಾಬ್ಲಾಂಕಾ’ ಮಾಡಿದ ಮೈಕೆಲ್ ಕರ್ಟಿಸ್. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಎಂಥ ನಷ್ಟ! ಆ ಕಾಲದ ಫಿಲ್ಮನ್ನು ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಎಂಬ ವಸ್ತುವಿನಿಂದ ಮಾಡುತ್ತಿದ್ದರು; ಅದು ಉರಿಯಲು ಬೇಕಾದ ಆಮ್ಲಜನಕವನ್ನೂ ತಾನೇ ಕೊಡುತ್ತದೆ. ನೀರು ಸುರಿದರೂ ಆರುವುದಿಲ್ಲ.

ಕೊಡಗಿನ ಹಳೆಯ ಮನೆಗಳಲ್ಲಿರಬಹುದಾದ 8 ಮತ್ತು 16 ಎಂಎಂ ಅಗಲದ ಫಿಲ್ಮಿನ ರೀಲುಗಳು ಸಾಮಾನ್ಯವಾಗಿ ಅಸಿಟೇಟ್ ಎಂಬ ಬೇರೆ ಬಗೆಯ ಪ್ಲಾಸ್ಟಿಕ್‌ನವು. ಅವು ಹಾಗೆ ಹೊತ್ತಿಕೊಳ್ಳುವುದಿಲ್ಲ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಒಳಗೊಳಗೇ ಕೆಡುತ್ತವೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಬಡಿದರೆ ಫಿಲ್ಮು ಆಮ್ಲ ಬಿಡುತ್ತಿದೆ ಎಂದರ್ಥ. ಅಂಥ ರೀಲನ್ನು ಕೂಡಲೇ ಬೇರೆ ಇಡಿ, ಅದರ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ. ಪ್ರೊಜೆಕ್ಟರಿಗೆ ಏರಿಸಲೇಬೇಡಿ: ಫಿಲ್ಮು ಕುಗ್ಗಿರುವುದರಿಂದ ಹಲ್ಲುಚಕ್ರ ಅಂಚಿನ ತೂತುಗಳನ್ನು ಹರಿದುಹಾಕುತ್ತದೆ.

ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡುವುದೂ ತಪ್ಪು. ಬಿಸಿ ಹೆಚ್ಚಿದಷ್ಟೂ ಕೊಳೆತ ಬೇಗ. ಮನೆಯಲ್ಲೇ ತಂಪಾದ ಕೋಣೆ ಆರಿಸಿ, ತೇವಾಂಶ ಶೇ 30ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳಿ. ಸ್ಕ್ಯಾನ್ ಮಾಡಿಸಿದ ಮೇಲೂ ಮೂಲ ರೀಲನ್ನು ದಯವಿಟ್ಟು ಎಸೆಯಬೇಡಿ.

– ಚಿತ್ರಾಸಕ್ತರು, ಮಡಿಕೇರಿ