ಅವ್ವಾ, ಕೈ ಈಗ ಆರಾಮ ಇದೆ

ಆಕ್ಲೆಂಡ್, ನ್ಯೂಜಿಲೆಂಡ್

ಪ್ರೀತಿಯ ಅವ್ವ,

ಕೆಲಸದಲ್ಲಿ ನಾಯಿ ಕಚ್ಚಿದ ನನ್ನ ಕೈಯ ಫೋಟೋ ನೋಡಿ ನೀನು ಊಟಾನೂ ಸರಿಯಾಗಿ ಮಾಡ್ತಿಲ್ಲ ಅಂತ ತಂಗಿ ಹೇಳಿದಳು. ಹೆಬ್ಬೆರಳು ಸ್ವಲ್ಪ ಬಿಗಿ ಇದೆ, ಅಷ್ಟೇ. ಹುಚ್ಚುನಾಯಿ ರೋಗ ಈ ದೇಶದಲ್ಲಿ ಇಲ್ಲ, ಅದಕ್ಕೇ ಆ ಇಂಜೆಕ್ಷನ್ ಕೊಡಲಿಲ್ಲ. ಇಲ್ಲಿ ಹೆದರಿಕೆ ಕೀವಿನದು. ಹಲ್ಲಿನ ತೂತು ಸಣ್ಣದಾಗಿ ಕಂಡರೂ ಆಳ ಇರುತ್ತೆ, ಕೈಯಲ್ಲಂತೂ ಕೀಲು ಚರ್ಮದ ಕೆಳಗೇ ಇರೋದು. ಡಾಕ್ಟರ್ ಚೆನ್ನಾಗಿ ತೊಳೆದು, ಹೊಲಿಗೆ ಹಾಕದೆ ಬಿಟ್ಟು, ಧನುರ್ವಾತದ ಇಂಜೆಕ್ಷನ್ ಮತ್ತು ಆಂಟಿಬಯೋಟಿಕ್ ಕೊಟ್ಟರು.

ನಾಯಿಗಳಿಗೆ ಸ್ನಾನ ಮಾಡಿಸಿ ಉಗುರು ಕತ್ತರಿಸೋದೇ ನನ್ನ ಕೆಲಸ ಅಲ್ವಾ, ಕಚ್ಚಿದ್ದು ಉಗುರು ಕತ್ತರಿಸುವಾಗ. ಸ್ನಾನಕ್ಕಿಂತ ಅದಕ್ಕೇ ನಾಯಿಗಳು ಜಾಸ್ತಿ ಹೆದರೋದು. ಆ ನಾಯಿಯ ಮೈ ಸೆಟೆದುಕೊಂಡಿತ್ತು, ಓರೆಗಣ್ಣಲ್ಲಿ ಬಿಳಿ ಕಾಣ್ತಿತ್ತು, ಆದರೆ ಒಮ್ಮೆಯೂ ಗುರ್ ಅನ್ನಲಿಲ್ಲ; ಗುರ್ ಅಂದಾಗಲೆಲ್ಲ ಬೈಸಿಕೊಂಡು ಬೆಳೆದ ನಾಯಿ ಆಮೇಲೆ ಸುಮ್ನೆ ಇದ್ದು ನೇರ ಕಚ್ಚುತ್ತೆ. ಹೊರಗೆ ಇನ್ನೂ ನಾಯಿಗಳು ಕಾಯ್ತಿದ್ದವು, ಒಳಗೆ ನಾನೊಬ್ಬಳೇ. ಮಾಲೀಕ ‘ಬಹಳ ಸಾಧು’ ಅಂತ ಬಿಟ್ಟುಹೋಗಿದ್ದ. ಅದು ಹಿಂದೆಯೂ ಒಬ್ಬರನ್ನು ಕಚ್ಚಿದೆ ಅಂತ ಆಮೇಲೆ ತಿಳಿಯಿತು! ನಮ್ಮ ಕಾಕಾನ ಮುಧೋಳ ನಾಯಿಯೂ ಹೊಸಬರು ಮುಟ್ಟಿದರೆ ಸಹಿಸಲ್ಲ, ಆದರೆ ಕಾಕಾ ಮನೆಗೆ ಬಂದವರಿಗೆಲ್ಲ ಮೊದಲೇ ಹೇಳ್ತಾರೆ ಅಲ್ವಾ? ಇವನೂ ಅಷ್ಟು ಹೇಳಿದ್ದರೆ ಬಾಯಿಕುಕ್ಕೆ ಹಾಕಿ, ಇನ್ನೊಬ್ಬರನ್ನು ಕರೆದು ಮಾಡ್ತಿದ್ದೆ.

‘ನಾಯಿ ಕೆಲಸ ಅಂದಮೇಲೆ ಕಚ್ಚದೆ ಇರುತ್ತಾ’ ಅಂತ ಕಾಕಾ ಅಂದರಂತೆ. ಇಲ್ಲೂ ಎಲ್ಲರೂ ಅದನ್ನೇ ಅಂತಾರೆ, ನನಗೆ ಸಿಟ್ಟು ಬರೋದೇ ಅಲ್ಲಿ. ಜೊತೆಯ ಹುಡುಗಿಯರು ಪ್ಲಾಸ್ಟರ್ ಅಂಟಿಸಿಕೊಂಡು ಸುಮ್ಮನಾಗ್ತಾರೆ. ನಾನು ಕಚ್ಚಿದ್ದನ್ನು ದಾಖಲೆಯಲ್ಲಿ ಬರೆಸಿದೆ, ಮ್ಯಾನೇಜರ್ ಮುಖ ಸಿಂಡರಿಸಿದರೂ. ಎಸಿಸಿ ಅಂತ ಗಾಯ ಆದವರಿಗೆ ಪರಿಹಾರ ಕೊಡೋ ಸರ್ಕಾರದ ಸಂಸ್ಥೆ ಒಂದಿದೆ. ತಪ್ಪು ಯಾರದು ಅಂತ ಕೇಳಲ್ಲ, ಹೊರದೇಶದವರಿಗೂ ಸಿಗುತ್ತೆ. ಕೆಲಸದಲ್ಲಿ ಗಾಯ ಆಗಿ ರಜೆ ಹಾಕಿದರೆ ಮೊದಲ ವಾರ ಸಂಬಳದ ಶೇಕಡಾ 80 ಭಾಗ ಧಣಿ ಕೊಡಬೇಕು, ಆಮೇಲೆ ಎಸಿಸಿ. ಹಾಗಾಗಿ ಈ ತಿಂಗಳು ದುಡ್ಡು ಸ್ವಲ್ಪ ಕಡಿಮೆ ಬರುತ್ತೆ, ಅಪ್ಪನಿಗೆ ಹೇಳು. ಕೆಲಸ ಬಿಡಲ್ಲ, ಅದನ್ನು ಮಾತ್ರ ಕೇಳಬೇಡ.

ಇನ್ನೊಂದು. ನನಗೆ ಹುಚ್ಚುನಾಯಿ ರೋಗದ ಇಂಜೆಕ್ಷನ್ ಬೇಕಾಗಲಿಲ್ಲ ಅಂತ ಊರಲ್ಲಿ ಯಾರೂ ಅದನ್ನು ಬಿಡಬಾರದು. ಅಲ್ಲಿ ನಾಯಿ ಕಚ್ಚಿದರೆ ಸುಣ್ಣ, ಖಾರ ಹಚ್ಚಬೇಡಿ. 15 ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕೊನೆಯ ಡೋಸಿನ ತನಕ ಬಿಡಬಾರದು. ಕಾಕಾನ ನಾಯಿಗೆ ಈ ವರ್ಷದ ಲಸಿಕೆ ಆಯ್ತಾ ಅಂತ ಕೇಳಿ ತಿಳಿಸು.

ನಿನ್ನ ಮಗಳು