ಐಸ್ ಹಬ್ಬ: ಅರಮನೆಗಿಂತ ಪೈಪು ಮುಖ್ಯ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜಗತ್ತಿನ ಐಸ್ ಹಬ್ಬಗಳ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಚೀನಾದ ಹಾರ್ಬಿನ್‌ನ ಬಣ್ಣದ ದೀಪದ ಗೋಪುರಗಳನ್ನು ನನ್ನ ಮೊಮ್ಮಗಳು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಆದರೆ ಲೇಖನದ ಕೊನೆಯಲ್ಲಿ ಒಂದು ಮಾತಿತ್ತು. ಚಳಿಗಾಲದಲ್ಲಿ ವ್ಯಾಪಾರವಿಲ್ಲದೆ ಕೂತ ಯಾವ ಬೆಟ್ಟದ ಊರಾದರೂ ಇಂಥದೊಂದು ಐಸ್ ಅರಮನೆ ಕಟ್ಟಿದರೆ ಸಾಕು, ಜನ ತಾವಾಗಿಯೇ ಬರುತ್ತಾರೆ, ಊರು ಚೇತರಿಸಿಕೊಳ್ಳುತ್ತದೆ ಅಂತ. ಅದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ನಾನು 31 ವರ್ಷ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡಿದವನು. ಕೊರೆಯುವ ಉಪ್ಪುನೀರಿನ ತೊಟ್ಟಿಯಲ್ಲಿ ನೀರು ತುಂಬಿದ ಡಬ್ಬ ಇಳಿಸುವುದು, ಗಡ್ಡೆಯಾದ ಮೇಲೆ ಎತ್ತುವುದು, ಕಂಪ್ರೆಸರ್ ಕೆಟ್ಟರೆ ರಾತ್ರಿಯೆಲ್ಲ ಅದರ ಪಕ್ಕ ಕೂರುವುದು, ಇದೇ ನನ್ನ ಬದುಕು. ಹಬ್ಬ ಮಾಡುವುದು ನನಗೆ ಗೊತ್ತಿಲ್ಲ. ಐಸ್ ಗೊತ್ತು. ಅದಕ್ಕೇ ಈ ಪತ್ರ.

ನನ್ನ ಮಗಳು ಅಮೆರಿಕದ ಡೆನ್ವರ್‌ನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಅವಳ ಮನೆಯಲ್ಲಿದ್ದೆ. 'ಅಪ್ಪಾ, ಜೀವನವೆಲ್ಲ ಐಸ್ ನೋಡಿದ್ದೀರಿ, ಬನ್ನಿ ಇನ್ನೊಂದು ಥರದ ಐಸ್ ತೋರಿಸುತ್ತೇನೆ' ಎಂದು ಯೂರೇ ಎಂಬ ಊರಿಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಅಳಿಯ ಕಾರು ಸ್ವಲ್ಪ ಸುತ್ತು ಹಾಕಿಸಿ ಲೆಡ್‌ವಿಲ್ ಎಂಬ ಇನ್ನೊಂದು ಊರನ್ನೂ ತೋರಿಸಿದ. ಎರಡೂ ಕೊಲರಾಡೊ ರಾಜ್ಯದ ಬೆಟ್ಟದ ಊರುಗಳು. ಎರಡೂ ಬೆಳ್ಳಿ ಗಣಿಯಿಂದ ಬದುಕಿದವು. ಎರಡೂ ಐಸ್ ನಂಬಿ ಹಬ್ಬ ಮಾಡಿದವು. ಒಂದು ಊರು ಕೈಸುಟ್ಟುಕೊಂಡಿತು, ಇನ್ನೊಂದು ಇವತ್ತಿಗೂ ಅದರಿಂದಲೇ ಚಳಿಗಾಲ ಕಳೆಯುತ್ತದೆ.

ಮೊದಲು ಲೆಡ್‌ವಿಲ್. ಹತ್ತು ಸಾವಿರ ಅಡಿಗೂ ಎತ್ತರದ ಊರು. ನಾಲ್ಕು ಹೆಜ್ಜೆ ಬೇಗ ಹಾಕಿದರೆ ನನಗೆ ಏದುಸಿರು. 1893ರಲ್ಲಿ ಬೆಳ್ಳಿಯ ಬೆಲೆ ಕುಸಿದು ಗಣಿಗಳು ಮುಚ್ಚಿದವು, ಜನ ಗಂಟುಮೂಟೆ ಕಟ್ಟತೊಡಗಿದರು. ಉಳಿದವರು ಕೂತು ಯೋಚಿಸಿ ಒಂದು ಐಸ್ ಅರಮನೆ ಕಟ್ಟಲು ಹೊರಟರು. ಸಣ್ಣದಲ್ಲ. ಐದು ಸಾವಿರ ಟನ್ ಮಂಜುಗಡ್ಡೆ. ತೊಂಬತ್ತು ಅಡಿ ಎತ್ತರದ ಗೋಪುರಗಳು. ಒಳಗೆ ಸ್ಕೇಟಿಂಗ್ ಅಂಗಳ, ಕುಣಿಯಲು ದೊಡ್ಡ ಸಭಾಂಗಣಗಳು. ಮೀನು, ಹೂವು ಇತ್ಯಾದಿಗಳನ್ನು ಐಸ್ ಗಡ್ಡೆಯೊಳಗೇ ಹೆಪ್ಪುಗಟ್ಟಿಸಿ ಗೋಡೆಯಲ್ಲಿ ತೋರಿಸಿದ್ದರಂತೆ. ಕಟ್ಟುತ್ತಿದ್ದಾಗಲೇ ಡಿಸೆಂಬರಿನಲ್ಲಿ ಬೆಚ್ಚನೆ ಗಾಳಿ ಬೀಸಿ ಕೆಲಸ ಕೆಟ್ಟಿತು. ಆದರೂ ಹಟ ಹಿಡಿದು ಮುಗಿಸಿದರು. 1896ರ ಜನವರಿ 1ಕ್ಕೆ ಬಾಗಿಲು ತೆರೆಯಿತು.

ಜನ ಬಂದರು. ಇದನ್ನು ಗಮನಿಸಬೇಕು, ಜನ ಬಂದೇ ಬಂದರು. ಆದರೆ ಹೇಗೆ ಬಂದರು? ರೈಲಿನಲ್ಲಿ ಬಂದರು, ಎಷ್ಟೋ ಜನ ಊಟದ ಬುತ್ತಿ ಕಟ್ಟಿಕೊಂಡೇ ಬಂದರು, ಅರಮನೆ ಸುತ್ತಿದರು, ಅವತ್ತೇ ರೈಲು ಹತ್ತಿ ಮನೆಗೆ ಹೋದರು. ಹೋಟೆಲಿನವನಿಗೆ ಏನು ಸಿಕ್ಕಿತು? ಮಾರ್ಚ್ ಕೊನೆಗೆ ಅರಮನೆ ಕರಗತೊಡಗಿ ಬಾಗಿಲು ಮುಚ್ಚಿತು. ಮರುವರ್ಷ ಅದನ್ನು ಮತ್ತೆ ಕಟ್ಟಲಿಲ್ಲ. ಕಟ್ಟಲು ಹಾಕಿದ ದುಡ್ಡು ನೀರಾಗಿ ಹರಿದುಹೋಯಿತು ಅನ್ನುವುದು ಇಲ್ಲಿ ಬರೀ ಮಾತಿನ ವರಸೆಯಲ್ಲ, ಅಕ್ಷರಶಃ ನಿಜ.

ಈಗ ಯೂರೇ. ಇದು ಸಾನ್ ಹ್ವಾನ್ ಬೆಟ್ಟಗಳ ನಡುವೆ ಬಟ್ಟಲಿನ ತಳದಲ್ಲಿ ಕೂತ ಊರು. ಸುಮಾರು 7,800 ಅಡಿ ಎತ್ತರ. ಜನಸಂಖ್ಯೆ ಒಂದು ಸಾವಿರದೊಳಗೆ. ಊರಲ್ಲಿ ಬಿಸಿನೀರಿನ ಬುಗ್ಗೆ ಇದೆ, ಬೇಸಿಗೆಯಲ್ಲಿ ಜನ ಬರುತ್ತಾರೆ. ಚಳಿಗಾಲ ಅಂದರೆ ಮಾತ್ರ ಬಾಗಿಲು ಹಾಕಿಕೊಳ್ಳುವ ಕಾಲ. ಪಕ್ಕದ ಟೆಲ್ಯುರೈಡ್‌ಗೆ ಸ್ಕೀ ರೆಸಾರ್ಟ್ ಇದೆ, ಯೂರೇಗೆ ಅಂಥದ್ದೇನೂ ಇಲ್ಲ. ದಕ್ಷಿಣಕ್ಕೆ ಹೋಗುವ ಘಾಟಿ ರಸ್ತೆ ಹಿಮ ಕುಸಿದು ಆಗಾಗ ಮುಚ್ಚುತ್ತದೆ.

ಇಂಥ ಊರಿಗೆ ಐಸ್ ಸಿಕ್ಕಿದ್ದು ಎಲ್ಲಿಂದ ಗೊತ್ತಾ? ಸೋರುವ ಪೈಪಿನಿಂದ! ಊರಿನ ಅಂಚಿನಲ್ಲೇ ಅನ್‌ಕಂಪಾಗ್ರೆ ನದಿಯ ಕಿರಿದಾದ ಕಮರಿ ಇದೆ. ಅದರ ಬದಿಯಲ್ಲಿ ಹಳೆಯ ಜಲವಿದ್ಯುತ್ ಘಟಕಕ್ಕೆ ನೀರು ಒಯ್ಯುವ ಕೊಳವೆ ಹೋಗುತ್ತದೆ. ಅದು ಸೋರುತ್ತಿತ್ತು. ಸೋರಿದ ನೀರು ಬಂಡೆಯ ಮೇಲೆ ಇಳಿದು ಚಳಿಗೆ ಗಟ್ಟಿಯಾಗಿ ನೀಲಿ ಗೋಡೆಗಳಾಗುತ್ತಿತ್ತು. ಮಂಜುಗಡ್ಡೆ ಹತ್ತುವ ಹುಚ್ಚಿನ ಕೆಲವರು ಬಂದು ಅದನ್ನು ಹತ್ತುತ್ತಿದ್ದರು. 1990ರ ದಶಕದ ಆರಂಭದಲ್ಲಿ ಊರಿನ ಕೆಲವರಿಗೆ ಹೊಳೆಯಿತು: ಸೋರಿಕೆಯಿಂದಲೇ ಇಷ್ಟು ಐಸ್ ಆಗುವುದಾದರೆ, ಬೇಕೆಂದೇ ನೀರು ಬಿಟ್ಟರೆ? ಹೋಸು ಎಳೆದರು. ಆಮೇಲೆ ಕಮರಿಯ ಅಂಚಿನುದ್ದಕ್ಕೂ ಪೈಪು ಹಾಕಿ, ಸ್ನಾನದ ಮನೆಯಲ್ಲಿರುತ್ತದಲ್ಲ, ಅಂಥ ಷವರ್ ತಲೆಗಳನ್ನು ಜೋಡಿಸಿದರು. ಊರಿನ ನೀರಿನ ಟ್ಯಾಂಕ್ ತುಂಬಿ ಉಕ್ಕಿ ಹೋಗುವ ನೀರೇ ಇದಕ್ಕೆ ಬಂಡವಾಳ.

1996ರ ಜನವರಿಯಲ್ಲಿ ಮೊದಲ ಹಬ್ಬ. ಲೆಡ್‌ವಿಲ್ ಅರಮನೆ ತೆರೆದು ಸರಿಯಾಗಿ ನೂರು ವರ್ಷಕ್ಕೆ. ಅದನ್ನು ನಡೆಸಿದವರು ಜೆಫ್ ಲೋ ಎಂಬ ಹೆಸರಾಂತ ಪರ್ವತಾರೋಹಿ. ಟೆಲ್ಯುರೈಡ್ ಹತ್ತಿರ ಹೆಪ್ಪುಗಟ್ಟಿದ ಬ್ರೈಡಲ್ ವೇಲ್ ಜಲಪಾತವನ್ನು 1974ರಲ್ಲೇ ಜೊತೆಗಾರನೊಂದಿಗೆ ಹತ್ತಿದವರು. 2018ರಲ್ಲಿ ತೀರಿಕೊಂಡರು. ಅವರ ಮಾತಿಗೆ ಹತ್ತುವವರ ಲೋಕದಲ್ಲಿ ಬೆಲೆ ಇತ್ತು, ಅದಕ್ಕೇ ಜನ ಬಂದರು. ಮರುವರ್ಷ ಈ ಕಮರಿಯ ಐಸ್ ಗೋಡೆಗಳನ್ನು, ಅಂದರೆ ಐಸ್ ಪಾರ್ಕನ್ನು, ನೋಡಿಕೊಳ್ಳಲು ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಹುಟ್ಟಿಕೊಂಡಿತು.

ನಾವು ಹೋದಾಗ ಹಬ್ಬ ನಡೆಯುತ್ತಿತ್ತು. ಸೇತುವೆಯ ಮೇಲೆ ಜನ ಒತ್ತಿಕೊಂಡು ನಿಂತು ಕೆಳಗೆ ನೋಡುತ್ತಿದ್ದರು. ಹತ್ತುವವರ ಎರಡೂ ಕೈಯಲ್ಲಿ ಒಂದೊಂದು ಕೊಕ್ಕಿನ ಕೊಡಲಿ, ಬೂಟಿನ ತುದಿಯಲ್ಲಿ ಉಕ್ಕಿನ ಮುಳ್ಳು, ಸೊಂಟಕ್ಕೆ ಹಗ್ಗ. ಒಬ್ಬ ಹುಡುಗಿ ಚಾಚಿಕೊಂಡ ಬಂಡೆಯ ಕೆಳಗೆ ಒಂದೇ ಕೈಯಲ್ಲಿ ತೂಗುತ್ತಿದ್ದಾಗ ಇಡೀ ಸೇತುವೆ ಉಸಿರು ಹಿಡಿದಿತ್ತು. ಇನ್ನೊಂದು ಕಡೆ ಬೂಟು, ಕೊಡಲಿ ಮಾಡುವ ಕಂಪನಿಗಳು ಸಾಮಾನು ಹಾಕಿಕೊಂಡು, 'ತಗೊಂಡು ಹೋಗಿ ಹತ್ತಿ ನೋಡಿ, ಸಂಜೆ ತಂದುಕೊಡಿ' ಎನ್ನುತ್ತಿದ್ದವು. ಕಲಿಯುವವರಿಗೆ ದುಡ್ಡು ಕಟ್ಟಿ ಸೇರುವ ತರಗತಿಗಳು. ಚಿಕ್ಕ ಮಕ್ಕಳಿಗೆ ಬೇರೆ ಗೋಡೆ. ಇಷ್ಟೇ ಹಬ್ಬ, ನಾಲ್ಕು ದಿನದ್ದು. ಚೆಂದವಿತ್ತು, ಇಲ್ಲ ಅನ್ನುವುದಿಲ್ಲ.

ನನ್ನ ಮನಸ್ಸು ಹಿಡಿದಿದ್ದು ರಾತ್ರಿಯ ಕೆಲಸ. ಊಟ ಮುಗಿಸಿ ಅಳಿಯನ ಜೊತೆ ಕಮರಿಯ ಅಂಚಿಗೆ ನಡೆದೆ. ನಾವು ಉಳಿದ ಜಾಗದಿಂದ ನಡೆದೇ ಹೋಗುವಷ್ಟು ಹತ್ತಿರ. ತಲೆಗೆ ದೀಪ ಕಟ್ಟಿಕೊಂಡ ಇಬ್ಬರು ಪೈಪಿನುದ್ದಕ್ಕೂ ಬಗ್ಗಿ ಬಗ್ಗಿ ನಡೆಯುತ್ತಿದ್ದರು. ಒಂದೊಂದು ವಾಲ್ವಿನ ಹತ್ತಿರ ನಿಂತು ಅರ್ಧ ಸುತ್ತು ತಿರುಗಿಸುವುದು, ಟಾರ್ಚ್ ಕೆಳಕ್ಕೆ ಬಿಟ್ಟು ನೀರು ಹೇಗೆ ಬೀಳುತ್ತಿದೆ ನೋಡುವುದು, ಇನ್ನೊಂದು ಕಾಲು ಸುತ್ತು ಹಿಂದಕ್ಕೆ. ಒಬ್ಬ ಷವರ್ ತಲೆಯನ್ನು ಕೈಗವಸಿನಿಂದ ತಟ್ಟಿ ಕಿವಿಗೊಟ್ಟು ಕೇಳಿದ. ನನಗೆ ನಗು ಬಂತು. ನಾನೂ ಕಂಪ್ರೆಸರಿಗೆ ಹಾಗೇ ಕಿವಿಗೊಡುತ್ತಿದ್ದೆ. ಇವರನ್ನು ಆ ಊರಲ್ಲಿ 'ಐಸ್ ಫಾರ್ಮರ್ಸ್' ಅನ್ನುತ್ತಾರೆ. ಐಸ್ ರೈತರು! ಎಷ್ಟು ಸರಿಯಾದ ಹೆಸರು ಅಲ್ವಾ?

ನೀರು ಜಾಸ್ತಿ ಬಿಟ್ಟರೆ ಹಿಂದಿನ ರಾತ್ರಿಯ ಐಸನ್ನೇ ಕೊರೆದುಕೊಂಡು ಹೋಗುತ್ತದೆ. ಕಮ್ಮಿ ಬಿಟ್ಟರೆ ಪೈಪಿನಲ್ಲೇ ಕಟ್ಟಿಕೊಳ್ಳುತ್ತದೆ. ತೆಳ್ಳಗೆ ಬೀಳಬೇಕು. ಇದರ ಹಿಂದಿನ ಲೆಕ್ಕ ನಮ್ಮ ಪ್ಲಾಂಟಿನಲ್ಲಿ ಎಲ್ಲರಿಗೂ ಗೊತ್ತು. ಡಬ್ಬದಲ್ಲಿ ಐಸ್ ಗೋಡೆಯಿಂದ ಒಳಕ್ಕೆ ಬೆಳೆಯುತ್ತದೆ. ಈಗಾಗಲೇ ಆದ ಐಸೇ ಕಂಬಳಿಯಂತೆ ಅಡ್ಡ ನಿಂತು ಒಳಗಿನ ನೀರಿಗೆ ಚಳಿ ತಲುಪಲು ಬಿಡುವುದಿಲ್ಲ. ದಪ್ಪ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು. ಹಿಂದೆ ನಾನಿದ್ದ ಪ್ಲಾಂಟೊಂದರ ಮಾಲೀಕರು ಇದನ್ನು ಒಪ್ಪದೆ ದೊಡ್ಡ ಡಬ್ಬ ಮಾಡಿಸಿ, ನಡುವೆ ನೀರೇ ಇರುವ ಗಡ್ಡೆ ಮಾರಿ, ಗಿರಾಕಿಗಳಿಂದ ಬೈಸಿಕೊಂಡಿದ್ದರು. ಯೂರೇಯಲ್ಲಿ ನೀರು ಐಸಿನ ಹೊರಮೈಗೆ ಬೀಳುತ್ತದೆ. ಪ್ರತಿ ಪದರವೂ ನೇರ ಚಳಿಗಾಳಿಗೇ ಸಿಗುತ್ತದೆ. ಕಮರಿ ಕಿರಿದಾಗಿರುವುದರಿಂದ ಬಿಸಿಲು ಹೆಚ್ಚು ಹೊತ್ತು ಮುಟ್ಟುವುದಿಲ್ಲ. ಹೀಗೆ ರಾತ್ರಿಗೊಂದಿಷ್ಟು ಬೆಳೆದು ನೂರಕ್ಕೂ ಹೆಚ್ಚು ಹತ್ತುದಾರಿಗಳಾಗುತ್ತವೆ. ಡಿಸೆಂಬರ್ ನಡುವಿನಿಂದ ಮಾರ್ಚ್ ತನಕ ನಿಲ್ಲುತ್ತವೆ. ಹತ್ತಲು ಶುಲ್ಕವಿಲ್ಲ.

ಶುಲ್ಕವಿಲ್ಲದಿದ್ದರೆ ಊರಿಗೆ ಏನು ಲಾಭ ಅಂತ ನಾನೂ ಕೇಳಿದೆ. ನಾವು ಉಳಿದ ಜಾಗದ ಒಡತಿ ಕಾಫಿ ಸುರಿಯುತ್ತಾ ಹೇಳಿದ ಮಾತು: 'ಹಬ್ಬದಲ್ಲಿ ರೂಮು ತುಂಬುವುದು ದೊಡ್ಡ ವಿಷಯವಲ್ಲ. ಫೆಬ್ರುವರಿಯ ಒಂದು ಮಂಗಳವಾರ ತುಂಬಿದರೆ ಅದು ದೊಡ್ಡದು.' ಡೆನ್ವರ್‌ನಿಂದ ಅಲ್ಲಿಗೆ ಐದಾರು ಗಂಟೆ ದಾರಿ. ಹತ್ತಲು ಬಂದವನು ಅವತ್ತೇ ವಾಪಸ್ ಹೋಗಲಾರ. ಹತ್ತಿ ದಣಿದ ಮೈಗೆ ಊಟ ಬೇಕು, ಬಿಸಿನೀರಿನ ಕೊಳ ಬೇಕು, ಹಾಸಿಗೆ ಬೇಕು. ಹರಿದ ಕೈಗವಸಿಗೆ ಅಂಗಡಿ ಬೇಕು, ಹೊಸಬನಾದರೆ ಕಲಿಸುವ ಗೈಡ್ ಬೇಕು. ಲೆಡ್‌ವಿಲ್‌ಗೆ ಬಂದವರು ನೋಡಿ ಹೋದರು. ಯೂರೇಗೆ ಬಂದವರು ಮಾಡಲು ಬರುತ್ತಾರೆ, ಮತ್ತೆ ಮತ್ತೆ ಬರುತ್ತಾರೆ. ಹಬ್ಬದಿಂದ, ಸದಸ್ಯತ್ವದಿಂದ, ದೇಣಿಗೆಯಿಂದ ಬರುವ ದುಡ್ಡು ಪೈಪಿನ ಖರ್ಚಿಗೂ ಐಸ್ ರೈತರ ಸಂಬಳಕ್ಕೂ ಹೋಗುತ್ತದೆ. ಅಂದರೆ ಹಬ್ಬ ಇರುವುದು ಪಾರ್ಕಿಗಾಗಿ. ಈ ಹಿಂದುಮುಂದು ಲೇಖನದಲ್ಲಿ ಬರಲಿಲ್ಲ.

ಹಾಗಂತ ಅರಮನೆ ಕಟ್ಟುವುದೇ ತಪ್ಪು ಅಂದರೆ ನಾನೇ ತಪ್ಪುತ್ತೇನೆ. ನ್ಯೂಯಾರ್ಕ್ ರಾಜ್ಯದ ಬೆಟ್ಟಗಳಲ್ಲಿ ಸಾರನಾಕ್ ಲೇಕ್ ಎಂಬ ಸಣ್ಣ ಊರಿದೆ. ಅಲ್ಲಿ 1890ರ ದಶಕದಿಂದ ಚಳಿಗಾಲದ ಉತ್ಸವ ಇದೆ, ಇವತ್ತಿಗೂ ಐಸ್ ಅರಮನೆ ಕಟ್ಟುತ್ತಾರೆ. ಆದರೆ ಕಟ್ಟುವವರು ಊರವರೇ, ಕೂಲಿಯಿಲ್ಲದೆ. ಐಸ್ ಊರ ಕೆರೆಯದ್ದು. ಗಾರೆಯ ಬದಲು ಹಿಮ ಕಲಸಿದ ನೀರು. ಜಪಾನಿನ ಸಪ್ಪೊರೊ ಊರಿನ ಹಿಮದ ಹಬ್ಬ ಶುರುವಾಗಿದ್ದೂ ದೊಡ್ಡದಾಗಿಯೇನಲ್ಲ. 1950ರಲ್ಲಿ ಶಾಲೆಯ ಮಕ್ಕಳು ಒಂದು ಪಾರ್ಕಿನಲ್ಲಿ ಆರು ಹಿಮದ ಮೂರ್ತಿ ಮಾಡಿದರು, ಅಷ್ಟೇ. ಕೈಯಲ್ಲಿದ್ದಷ್ಟಕ್ಕೆ ಮಾಡಿದವರು ಉಳಿದರು.

ದಕ್ಷಿಣ ಕೊರಿಯಾದ ಹ್ವಾಚೊನ್ ಇನ್ನೂ ಜಾಣ. ಇಪ್ಪತ್ತೈದು ಸಾವಿರದಷ್ಟು ಜನರಿರುವ ಗುಡ್ಡಗಾಡು ಜಿಲ್ಲೆ. 2003ರಿಂದ ಅಲ್ಲಿ ಹೆಪ್ಪುಗಟ್ಟಿದ ಹೊಳೆಗೆ ತೂತು ಕೊರೆದು ಮೀನು ಹಿಡಿಯುವ ಹಬ್ಬ ನಡೆಯುತ್ತದೆ. ಬಂದವರ ಸಂಖ್ಯೆ ಹತ್ತು ಲಕ್ಷ ದಾಟಿದ ವರ್ಷಗಳಿವೆ. ಟಿಕೆಟ್ ದುಡ್ಡಿನಲ್ಲಿ ಒಂದು ಪಾಲನ್ನು ಕೂಪನ್ ಮಾಡಿ ವಾಪಸ್ ಕೊಡುತ್ತಾರೆ. ಆ ಕೂಪನ್ ಜಿಲ್ಲೆಯ ಒಳಗೆ ಮಾತ್ರ ಚಲಾವಣೆಯಾಗುತ್ತದೆ. ಬುತ್ತಿ ಕಟ್ಟಿಕೊಂಡು ಬಂದವನೂ ಕೂಪನ್ ಬಿಸಾಕಿ ಹೋಗುತ್ತಾನಾ? ಲೆಡ್‌ವಿಲ್‌ನವರಿಗೆ ಇದೊಂದು ಹೊಳೆದಿದ್ದರೆ! ಆದರೆ ಮೀನನ್ನು ಸಾಕಣೆ ಕೇಂದ್ರಗಳಿಂದ ತಂದು ಬಿಡುವುದಕ್ಕೆ ಪ್ರಾಣಿಪ್ರಿಯರ ವಿರೋಧವಿದೆ, ಅದು ನನಗೂ ಸರಿ ಅನ್ನಿಸುತ್ತದೆ.

ಅದೇ ಹ್ವಾಚೊನ್‌ನಲ್ಲಿ 2020ರ ಚಳಿಗಾಲ ಬೆಚ್ಚಗಾಗಿ, ಮಳೆ ಸುರಿದು, ಹಬ್ಬವನ್ನು ಮುಂದೂಡಬೇಕಾಯಿತು. ಯೂರೇಯಲ್ಲೂ ಬಿಸಿ ಏರಿದ ದಿನ ಪಾರ್ಕಿನ ಭಾಗಗಳನ್ನು ಮುಚ್ಚುತ್ತಾರೆ. ಅಲ್ಲಿ ಊರಿನ ನೀರು ಸಾಲದೆ, ಈಚೆಗೆ ಬೆಳ್ಳಿ ಗಣಿ ಕಂಪನಿಯೊಂದು ತನ್ನ ಹಕ್ಕಿನ ನೀರು ಕೊಡಲು ಮುಂದೆ ಬಂತು. ಬೆಳ್ಳಿ ಕೈಕೊಟ್ಟ ಊರಿಗೆ ಬೆಳ್ಳಿ ಗಣಿಯ ನೀರು! ಹಾಗಾಗಿ ಯಾವ ಊರಿನವರಾದರೂ ಹಬ್ಬದ ಲಾಂಛನ ಬರೆಸುವ ಮೊದಲು ಎರಡು ಮೂರು ಚಳಿಗಾಲ ಥರ್ಮಾಮೀಟರ್ ಹಿಡಿದು ಕೂರಲಿ. ಬೆಳಗಿನ ಜಾವ ಎಷ್ಟು, ಮಧ್ಯಾಹ್ನ ಎಷ್ಟು, ನೆರಳಿನ ಗೋಡೆ ಯಾವುದು, ಉಕ್ಕಿ ಹೋಗುವ ನೀರು ಎಷ್ಟು, ಬರೆದಿಡಲಿ. ಒಂದು ಗೋಡೆಗೆ ಹತ್ತು ಷವರ್ ಕಟ್ಟಿ ನೋಡಲಿ. ಅದು ನಿಂತರೆ ಮುಂದಿನ ಮಾತು. ವೇದಿಕೆ, ಸಂಗೀತ, ಭಾಷಣ ಎಲ್ಲ ಆಮೇಲೆ ಬಾಡಿಗೆಗೆ ಸಿಗುತ್ತವೆ.

ಇನ್ನೊಂದು ಕೋರಿಕೆ. ಮುಂದಿನ ಸಲ ಇಂಥ ಲೇಖನ ಹಾಕುವಾಗ ಗೋಪುರದ ಫೋಟೊ ಪಕ್ಕದಲ್ಲಿ ಪೈಪಿನದ್ದೂ ಒಂದು ಹಾಕಿ. ಅಳಿಯ ತೆಗೆದದ್ದು ನನ್ನ ಹತ್ತಿರ ಇದೆ. ಕತ್ತಲು, ಒಂದು ವಾಲ್ವ್, ಅದರ ಮೇಲೆ ಹಿಮ ಕೂತ ಕೈಗವಸು. ಸ್ವಲ್ಪ ಅಲುಗಾಡಿದೆ. ಬೇಕಾದರೆ ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ,
ನಿವೃತ್ತ ಐಸ್ ಪ್ಲಾಂಟ್ ಮೇಲ್ವಿಚಾರಕ